ಅವ್ವನ ಅಂಗಾಲಿಗೊಂದು ಕ್ಯಾಮೆರಾ

2006ರ ಜುಲೈ 9, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನಂಜನಗೂಡಿನ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಎಡಗಾಲನ್ನು ಬಲಮಂಡಿಯ ಮೇಲೆ ಹಾಕಿಕೊಂಡು, ಅಂಗಾಲನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಅವಳು ಕೆಲಸಕ್ಕೆ ಹೋಗುವ ಶಾಲೆಯ ಮುಂದಿನ ರಸ್ತೆಗೆ ಆ ವಾರ ಡಾಂಬರು ಹಾಕಿದ್ದರು. ಅದೇ ಮೆತ್ತಿಕೊಂಡಿದೆ ಎಂದುಕೊಂಡಿದ್ದಳು. ಮೂರು ದಿನದಿಂದ ಉಜ್ಜುತ್ತಿದ್ದಾಳಂತೆ, ಹೋಗಲಿಲ್ಲವಂತೆ. ನಾನು ಹತ್ತಿರ ಹೋಗಿ ಉಗುರಿನಿಂದ ಕೆರೆದು ನೋಡಿದೆ. ಅದು ಚರ್ಮದ ಮೇಲಿರಲಿಲ್ಲ, ಚರ್ಮದೊಳಗಿತ್ತು.

ಒಳಗೆ ಹೋಗಿ ಸ್ಕೇಲು ತಂದು ಅಳೆದೆ. ಉದ್ದ ಆರು ಮಿಲಿಮೀಟರ್, ಅಗಲ ನಾಲ್ಕು. ಬಣ್ಣ ಕಪ್ಪು, ಒಂದು ಕಡೆ ಕಂದು. ಹಿಮ್ಮಡಿಯಿಂದ ಮೂರು ಬೆರಳು ಮುಂದೆ. ಅವತ್ತಿನ ಡೈರಿಯಲ್ಲಿ ಇಷ್ಟೇ ಇದೆ. ಪಕ್ಕದಲ್ಲಿ ಬಿಡಿಸಿದ ಸ್ಕೇಲಿನ ಚಿತ್ರದ ಗೆರೆ ನೆಟ್ಟಗಿಲ್ಲ.

ನನಗಾಗ ಇಪ್ಪತ್ತಮೂರು. ಟಿ. ನರಸೀಪುರದ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸ. ದಿನಾ ನಂಜನಗೂಡಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು, ದಿನಕ್ಕೆ ಆರು ಗಂಟೆ ನಿಂತೇ ಇರುವವಳು. ಹಿಂದಿನ ವರ್ಷ ನಮ್ಮ ಬೀದಿಯ ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಕಾಲು ತೆಗೆದಿದ್ದರು. ಹಾಗಾಗಿ ಅವ್ವನಿಗೆ ಕಾಲಿನ ವಿಷಯ ಯಾರು ಎತ್ತಿದರೂ ಒಂದೇ ಯೋಚನೆ. ಜುಲೈ 12ರಂದು ಮೈಸೂರಿನ ಚರ್ಮದ ಡಾಕ್ಟರ ಮುಂದೆ ಕೂತಾಗಲೂ ಅವಳು ಕೇಳಿದ್ದು ಅದೊಂದೇ.

"ಕಾಲ್ ತೆಗೀತೀರಾ ಸಾ?"

ಡಾಕ್ಟರು ಕನ್ನಡಕ ತೆಗೆದು, ಇನ್ನೊಂದು ಗಾಜು ಕಣ್ಣಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಈಗಲೇ ಕುಯ್ಯುವುದು ಬೇಡ, ಕಾದು ನೋಡೋಣ ಎಂದರು. ತಿಂಗಳಿಗೊಂದು ಫೋಟೋ ತೆಗೆಯಬೇಕು, ಪಕ್ಕದಲ್ಲಿ ಸ್ಕೇಲ್ ಇಡಬೇಕು, ಪ್ರತಿ ಸಲವೂ ಒಂದೇ ದೂರದಿಂದ. ಬಾಗಿಲವರೆಗೆ ಬಂದ ಮೇಲೆ ನನ್ನನ್ನು ಮಾತ್ರ ವಾಪಸು ಕರೆದು ಮೂರು ಮಾತು ಹೇಳಿದರು. ನಾನು ಅಂಗೈ ಮೇಲೆ ಬರೆದುಕೊಂಡೆ. ದೊಡ್ಡದಾದರೆ. ಅಂಚು ಕಲಸಿಕೊಂಡರೆ. ಪಕ್ಕದಲ್ಲಿ ಹೊಸದು ಬಂದರೆ. ಮೂರರಲ್ಲಿ ಯಾವುದಾದರೂ ಒಂದಾದರೆ ಅವತ್ತೇ ಬರಬೇಕು, ಮಾರನೆ ದಿನ ಅಲ್ಲ.

ಬಸ್ಸಿನಲ್ಲಿ ಅವ್ವ ನನ್ನ ಅಂಗೈ ಹಿಡಿದು ಏನು ಬರೆದಿದ್ದು ಎಂದು ಕೇಳಿದಳು. ಮುಲಾಮಿನ ಹೆಸರು ಅಂದೆ.

ಜುಲೈ 16ರಂದು ನಮ್ಮೂರಿನ ಸ್ಟುಡಿಯೋಗೆ ಹೋದೆವು. ರೀಲಿನ ಕ್ಯಾಮೆರಾ. ಅವ್ವ ಮರದ ಸ್ಟೂಲಿನ ಮೇಲೆ ಕೂತು ಸೀರೆ ಸರಿಮಾಡಿಕೊಂಡು ಪಾದ ಎತ್ತಿ ತೋರಿಸಿದಾಗ ಸ್ಟುಡಿಯೋದವನಿಗೆ ಅರ್ಥವೇ ಆಗಲಿಲ್ಲ. "ಪಾದಪೂಜೆಗೇನಮ್ಮ?" ಎಂದು ಕೇಳಿದ. ಅವ್ವ ತಲೆ ತಗ್ಗಿಸಿದಳು. ಹೊರಗೆ ಬಂದ ಮೇಲೆ, "ಪಾದದ ಫೋಟ ತೆಗುಸ್ಕಳೋರು ಸ್ವಾಮ್ಗೋಳು ಕನವ್ವ. ನಂಗ್ಯಾಕ್ ಬೇಕಿತ್ತು ಈ ದೊಡ್ಡಸ್ತಿಕೆ?" ಎಂದಳು. ಇನ್ನೊಂದು ಸಲ ಪರಗಂಡಸಿನ ಮುಂದೆ ಕಾಲು ಎತ್ತುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು.

ರೀಲು ಮುಗಿಯುವವರೆಗೆ ತೊಳೆಯುವ ಹಾಗಿಲ್ಲ. ಆಷಾಢ, ಮದುವೆಗಳಿಲ್ಲ, ರೀಲು ಮುಗಿಯಲಿಲ್ಲ. ಫೋಟೋ ಕೈಗೆ ಬಂದದ್ದು ಹತ್ತೊಂಬತ್ತು ದಿನದ ಮೇಲೆ, ಆಗಸ್ಟ್ 4ಕ್ಕೆ. ಎರಡು ಪ್ರತಿ ಹೇಳಿದ್ದೆ. ಒಂದರಲ್ಲಿ ಮಚ್ಚೆ ಹುರಿದ ಕಾಫಿ ಬೀಜದ ಬಣ್ಣ, ಇನ್ನೊಂದರಲ್ಲಿ ಇದ್ದಿಲು. ಒಂದೇ ನೆಗೆಟಿವ್, ಒಂದೇ ದಿನ ಪ್ರಿಂಟ್. ಕೇಳಿದರೆ, ಮೆಷಿನ್ನೇ ಕಲರು ಸರಿ ಮಾಡಿಕೊಳ್ಳುತ್ತದೆ, ತನ್ನ ಕೈಯಲ್ಲಿ ಇಲ್ಲ ಎಂದ. ನಾನು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಯಾವುದು ನಿಜ ಎಂದು ನೋಡುತ್ತಾ ಕೂತೆ. ಮುಂದಿನ ತಿಂಗಳ ಫೋಟೋ ಕಪ್ಪಾಗಿ ಬಂದರೆ ಮಚ್ಚೆ ಕೆಟ್ಟಿದೆಯೋ ಮೆಷಿನ್ನು ಕೆಟ್ಟಿದೆಯೋ ಹೇಗೆ ಗೊತ್ತಾಗಬೇಕು? ಅಲ್ಲಿಗೆ, ಮನೆಯಲ್ಲೇ ನಾನೇ ತೆಗೆಯಬೇಕು, ತೆಗೆದ ದಿನವೇ ನೋಡಬೇಕು, ಡಿಜಿಟಲ್ ಕ್ಯಾಮೆರಾ ಬೇಕು ಎಂದು ತೀರ್ಮಾನವಾಯಿತು. ನನ್ನ ಹತ್ತಿರ ಇದ್ದದ್ದು ಆರು ಸಾವಿರ ರೂಪಾಯಿ. ಅದು ಹೇಗೆ ಕೂಡಿತು ಎಂಬ ಲೆಕ್ಕ ಇಲ್ಲಿ ಬೇಡ.

ಆಗಸ್ಟ್ 6ರಿಂದ ಸೆಪ್ಟೆಂಬರ್ 8ರವರೆಗೆ ಏಳು ಕ್ಯಾಮೆರಾ ನೋಡಿದೆ. ಮೈಸೂರಿನ ಅಂಗಡಿಗಳಲ್ಲಿ ಐದು, ನಂಜನಗೂಡಿನಲ್ಲಿ ಒಂದು, ಟಿ. ನರಸೀಪುರದಲ್ಲಿ ಒಂದು. ಪುಸ್ತಕದಲ್ಲಿ ಗೆರೆ ಹಾಕಿ ಮನೆಗಳನ್ನು ಮಾಡಿಕೊಂಡಿದ್ದೆ: ಬೆಲೆ, ಸೆಲ್ ಯಾವುದು, ಕಾರ್ಡ್ ಎಷ್ಟರದು, ಎಷ್ಟು ಹತ್ತಿರದಿಂದ ತೆಗೆಯುತ್ತದೆ. ಕೊನೆಯ ಮನೆಯೊಂದೇ ನನಗೆ ಮುಖ್ಯ. ಅಂಗಡಿಯವರಿಗೆ ಅದೊಂದೇ ಗೊತ್ತಿರಲಿಲ್ಲ.

ಚೀಲದಲ್ಲಿ ಒಂದು ಬಿಳಿ ರಟ್ಟು ಇಟ್ಟುಕೊಂಡು ಹೋಗುತ್ತಿದ್ದೆ. ಅದರ ಮೇಲೆ ಇಂಕಿನಿಂದ ಆರಕ್ಕೆ ನಾಲ್ಕು ಮಿಲಿಮೀಟರಿನ ಚುಕ್ಕೆ, ಒಂದು ಕಡೆ ಕಂದು. ಪಕ್ಕದಲ್ಲಿ ಸ್ಕೇಲು ಇಟ್ಟು, ಇದರ ಫೋಟೋ ತೆಗೆದು ತೋರಿಸಿ ಎನ್ನುತ್ತಿದ್ದೆ. ಎಲ್ಲರೂ ಕ್ಯಾಮೆರಾವನ್ನು ಬಾಗಿಲಾಚೆ ತಿರುಗಿಸಿ ಎದುರು ಕಟ್ಟಡದ ಬೋರ್ಡು ಹತ್ತಿರಕ್ಕೆ ತಂದು ತೋರಿಸುತ್ತಿದ್ದರು. ಐದು ಮೆಗಾಪಿಕ್ಸೆಲ್, ಮೂರು ಪಟ್ಟು ಜೂಮ್. ದೂರದ್ದು ಬೇಡ, ಹತ್ತಿರದ್ದು ಅಂದರೆ ಮುಖ ನೋಡುತ್ತಿದ್ದರು. ಒಂದು ಕಡೆ, ಗಟ್ಟಿಯಾಗಿ ನಗುವ ಒಬ್ಬ ಮಾರಾಟಗಾರ ನನ್ನ ರಟ್ಟನ್ನು ಎತ್ತಿ ಹಿಡಿದು, "ಮೇಡಂ, ಜನ ಹೆಂಡ್ತಿ ಮಕ್ಕಳ್ ಫೋಟೋ ತೆಗೀತಾರೆ. ನೀವು ಇರುವೆ ಮದುವೆ ಫೋಟೋಗ್ರಾಫರಾ?" ಎಂದ. ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವನು ತೆಗೆದ ಫೋಟೋದಲ್ಲಿ ಚುಕ್ಕೆ ನೀರಿಗೆ ಬಿದ್ದ ಕಾಡಿಗೆಯಂತೆ ಹರಡಿತ್ತು. ಅಂಚು ಕಲಸಿತ್ತು. ನಾನೇ ಬರೆದ ಇಂಕಿನ ಚುಕ್ಕೆ, ಆದರೂ ರಟ್ಟು ಈಸಿಕೊಂಡು ಅದರ ಅಂಚು ಇನ್ನೊಮ್ಮೆ ನೋಡಿದೆ.

ಅದು ಹೊಸ ಕ್ಯಾಮೆರಾ, ಐದೂವರೆ ಸಾವಿರ, ಒಂದು ವರ್ಷ ವಾರಂಟಿ. ನನ್ನ ಕೈಗೆಟುಕುವಂತಿದ್ದ ಹೊಸದು ಅದೊಂದೇ. ಅಪ್ಪ ಅದನ್ನೇ ತಗೋ ಎಂದ. ಕಂಡವರು ಬಳಸಿ ಬಿಟ್ಟ ಮೋಟರನ್ನು ಕೊಂಡು ಕೆಟ್ಟವರನ್ನು ದಿನಾ ನೋಡುವವನು ಅವನು. ಎರಡು ವಾರ ನಾನು ಅದನ್ನು ತಗೊಳ್ಳುವುದಾ ಬೇಡವಾ ಎಂದು ಒದ್ದಾಡಿದೆ. ಆ ಎರಡು ವಾರದಲ್ಲಿ ಮಚ್ಚೆಯ ಒಂದೂ ಫೋಟೋ ಇಲ್ಲ. ಬೆಳೆಯುವುದಾದರೆ ನನ್ನ ಪುಸ್ತಕದ ಮನೆಗಳು ತುಂಬುವವರೆಗೆ ಅದು ಕಾಯುತ್ತದೆಯೇ ಎಂದು ಪ್ರತಿ ಬೆಳಿಗ್ಗೆ ಅನ್ನಿಸುತ್ತಿತ್ತು. ಅವ್ವ ಮಲಗಿ ಎದ್ದ ಕೂಡಲೇ ಅವಳ ಮುಖಕ್ಕಿಂತ ಮೊದಲು ಕಾಲು ನೋಡುವುದು ನನಗೆ ಅಭ್ಯಾಸವಾಯಿತು.

ಸೆಪ್ಟೆಂಬರ್ 8, ಶುಕ್ರವಾರ, ಕಚೇರಿ ಬಿಟ್ಟ ಮೇಲೆ ಟಿ. ನರಸೀಪುರದ ಬಸ್ ನಿಲ್ದಾಣದ ಬಳಿ ಒಂದು ಸ್ಟುಡಿಯೋಗೆ ಹೋದೆ. ಅದರ ಮಾಲೀಕ ದೊಡ್ಡ ಕ್ಯಾಮೆರಾ ಕೊಳ್ಳುವುದಕ್ಕೆಂದು ತನ್ನ ಸಣ್ಣದನ್ನು ಮಾರುತ್ತಿದ್ದ. ನಾಲ್ಕು ಮೆಗಾಪಿಕ್ಸೆಲ್, ಮೂಲೆಗಳಲ್ಲಿ ಬಣ್ಣ ಹೋಗಿದೆ, ನಾಲ್ಕು ಸಾವಿರದ ಎಂಟುನೂರು. ನಾನು ರಟ್ಟು ಕೊಟ್ಟೆ. ಅವನು ಏನೂ ಕೇಳದೆ ಹೂವಿನ ಗುರುತಿದ್ದ ಒಂದು ಗುಂಡಿ ಒತ್ತಿ, ಗೇಣಿಗಿಂತ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ತೆಗೆದ. ದೊಡ್ಡದು ಮಾಡಿ ತೋರಿಸಿದ. ಸ್ಕೇಲಿನ ಒಂದೊಂದು ಗೆರೆಯೂ ಬೇರೆ ಬೇರೆ. ಚುಕ್ಕೆಯ ಅಂಚಿನಲ್ಲಿ ಇಂಕು ರಟ್ಟಿನ ನಾರಿಗೆ ಇಳಿದದ್ದೂ ಕಾಣುತ್ತಿತ್ತು.

"ಏನಿದು ಮೇಡಂ? ಎಲೆ ಚುಕ್ಕೆ ರೋಗನಾ?"

ನಾನು ಹೂಂ ಅಂದುಬಿಟ್ಟೆ. ಭತ್ತದ್ದು, ಕಚೇರಿಗೆ ಬೇಕಿತ್ತು ಅಂದೆ. ಅವನ ಮುಖದಲ್ಲಿ ಕಾಳಜಿ ಬಂತು. ತನ್ನಣ್ಣನದು ಹೆಮ್ಮಿಗೆಯಲ್ಲಿ ಗದ್ದೆಯಿದೆಯೆಂದೂ ಹೋದ ವರ್ಷ ಇದೇ ಚುಕ್ಕೆ ಬಂದಿತ್ತೆಂದೂ ಹೇಳಿದ.

"ಒಂದ್ ಮಾತ್ ಏಳ್ತೀನಿ ಕೇಳಿ. ಒಂದ್ ಚುಕ್ಕೆ ಇದ್ದಾಗ್ಲೇ ನೋಡ್ಕಬೇಕು. ಪಕ್ಕದಲ್ಲಿ ಎರಡ್ನೇದು ಬಂತು ಅಂದ್ರೆ ಆಮ್ಯಾಕೆ ಏನ್ ಔಷ್ದಿ ಒಡುದ್ರೂ ಅಷ್ಟೆಯಾ."

ಚೌಕಾಸಿ ಮಾಡಬೇಕೆಂದು ಹೋಗಿದ್ದೆ. ಆ ಮಾತು ಕೇಳಿದ ಮೇಲೆ ಮಾಡಲಿಲ್ಲ. ಹೇಳಿದಷ್ಟೂ ಕೊಟ್ಟು ಕ್ಯಾಮೆರಾ ತಂದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

ಸೆಪ್ಟೆಂಬರ್ 10, ಭಾನುವಾರ, ಬೆಳಿಗ್ಗೆ ಏಳೂವರೆ, ಒಂದನೇ ಫೋಟೋ. ಅಪ್ಪನ ಟೇಪಿನಲ್ಲಿ ಅಳೆದು ಹನ್ನೆರಡು ಸೆಂಟಿಮೀಟರಿನ ದಾರವನ್ನು ಕ್ಯಾಮೆರಾಗೆ ಕಟ್ಟಿದ್ದೆ. ದಾರದ ತುದಿಯ ಗಂಟು ಅಂಗಾಲಿಗೆ ತಾಗಿದರೆ ದೂರ ಸರಿ. ಅವ್ವ ಹೊಸಿಲ ಮೇಲೆ ಬಿಸಿಲಿಗೆ ಕಾಲು ಚಾಚಿ, ನಾನು ಬೇರೆಯವಳಲ್ಲವೆಂಬ ಧೈರ್ಯದಲ್ಲಿ, ಕಚಗುಳಿಯಾಗುತ್ತದೆ ಎಂದು ನಗುತ್ತಿದ್ದಳು. ಮಚ್ಚೆ ಆರಕ್ಕೆ ನಾಲ್ಕು. ಹೊಸದಿಲ್ಲ. ಪುಸ್ತಕದಲ್ಲಿ ಮೂರು ಕಡೆ 'ಇಲ್ಲ' ಎಂದು ಬರೆದು ಮುಚ್ಚಿದೆ. ಅವತ್ತು ಸರಿಯಾಗಿ ಊಟ ಮಾಡಿದೆ.

ಅಕ್ಟೋಬರ್ 10, ಮಂಗಳವಾರ, ಎರಡನೇ ಫೋಟೋ. ಬಸ್ಸಿಗೆ ಹೊತ್ತಾಗಿತ್ತು. ತೆಗೆದು ಹಾಗೇ ಚೀಲಕ್ಕೆ ಹಾಕಿಕೊಂಡು ಓಡಿದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಚೇರಿಯ ಕಂಪ್ಯೂಟರಿಗೆ ಹಾಕಿ ಎರಡು ಫೋಟೋಗಳನ್ನೂ ಅಕ್ಕಪಕ್ಕ ತೆರೆದೆ.

ಮಚ್ಚೆ ಆರಕ್ಕೆ ನಾಲ್ಕೇ ಇತ್ತು. ಅದರಿಂದ ಒಂದು ಬೆರಳು ಆಚೆ, ಹಿಮ್ಮಡಿಯ ಕಡೆಗೆ, ಬೂದು ಬಣ್ಣದ ಇನ್ನೊಂದಿತ್ತು. ಸುಮಾರು ಮೂರು ಮಿಲಿಮೀಟರ್. ಅಂಚು ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಹಾಗಿರಲಿಲ್ಲ.

ನಾನು ಪರದೆಯನ್ನು ಕರ್ಚೀಫಿನಿಂದ ಒರೆಸಿದೆ. ಹೋಗಲಿಲ್ಲ. ಹಿಂದಿನ ತಿಂಗಳ ಫೋಟೋದಲ್ಲಿ ಆ ಜಾಗ ಬರಿದು. ಬಿಚ್ಚಿಟ್ಟಿದ್ದ ಊಟದ ಡಬ್ಬಿ ಮುಚ್ಚಿ, ತಲೆನೋವು ಎಂದು ಅರ್ಧ ದಿನ ರಜೆ ಬರೆದುಕೊಟ್ಟು ಬಸ್ ನಿಲ್ದಾಣಕ್ಕೆ ಬಂದೆ. ಎರಡು ಗಂಟೆ ಇಪ್ಪತ್ತಕ್ಕೆ ಬಸ್ಸು. ಕಂಡಕ್ಟರ್ ಎಲ್ಲಿಗೆ ಎಂದದ್ದು ನನಗೆ ಕೇಳಿಸಲಿಲ್ಲ. "ಎಲ್ಗ್ ತಾಯಿ?" ಎಂದು ಎರಡನೇ ಸಲ ಕೇಳಿದ. ಕಿಟಕಿಯಾಚೆ ಗದ್ದೆಗಳು ತೆನೆಗೆ ಬಂದಿದ್ದವು. ಸ್ಟುಡಿಯೋದವನ ಮಾತು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ. ಡಾಕ್ಟರು ಅವತ್ತೇ ಬರಬೇಕು ಅಂದಿದ್ದರು, ಮಾರನೆ ದಿನ ಅಲ್ಲ. ನಾನು ಬೆಳಿಗ್ಗೆಯೇ ನೋಡಬೇಕಿತ್ತು. ಬಸ್ಸಿನ ಅವಸರಕ್ಕೆ ಆರು ಗಂಟೆ ಕಳೆದುಬಿಟ್ಟೆ ಎಂದು ಬೆರಳಿನಲ್ಲಿ ಮತ್ತೆ ಮತ್ತೆ ಎಣಿಸಿದೆ.

ಮನೆಗೆ ಬಂದಾಗ ಅವ್ವ ಶಾಲೆಯಿಂದ ಬಂದು ನೆನೆಸಿದ ಅವರೆಕಾಳು ಹಿಚುಕುತ್ತಿದ್ದಳು. ಕಾಲು ಕೊಡು ಅಂದೆ. ನನ್ನ ಮುಖ ನೋಡಿ ಕೊಟ್ಟಳು. ಒರೆಸಿ ನೋಡಿದೆ. ಏನೂ ಇಲ್ಲ. ಒತ್ತಿ ನೋಡಿದೆ. ಇಲ್ಲ. ಬಾಗಿಲಿಗೆ ಕರೆದುಕೊಂಡು ಬಂದು ಬಿಸಿಲಿಗೆ ಹಿಡಿದೆ. ಚರ್ಮದ ಬಣ್ಣವೇ ಇದೆ. ಆದರೂ ಸಮಾಧಾನವಾಗಲಿಲ್ಲ. ಕಣ್ಣಿಗೆ ಕಾಣದ್ದನ್ನು ಹಿಡಿಯಲೆಂದೇ ಅಷ್ಟು ಹುಡುಕಿ ಈ ಕ್ಯಾಮೆರಾ ತಂದದ್ದು. ಅದು ಮೊದಲು ಕಂಡಿದೆ, ಕಣ್ಣಿಗೆ ಆಮೇಲೆ ಕಾಣುತ್ತದೆ ಎಂದುಕೊಂಡೆ. ಅವ್ವನಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದೆ. ಅಂಗೈಯಲ್ಲಿ ಬರೆದುಕೊಂಡಿದ್ದ ಮೂರು ಮಾತನ್ನೂ ಅವತ್ತೇ ಮೊದಲ ಸಲ ಹೇಳಿದೆ.

"ಮುಲಾಮಿನ್ ಎಸ್ರು ಅಂದಿದ್ದೆ," ಎಂದಳು. ಆಮೇಲೆ, "ನನ್ ಕಾಲು ಇಲ್ಲೇ ಅದೆ. ಇದ್ನ ನೋಡದ್ ಬುಟ್ಟು ಅದ್ರಲ್ಲಿ ನೋಡ್ತಾ ಕೂತಿದ್ದೀಯಲ್ಲವ್ವ."

ನಾಲ್ಕೂವರೆಗೆ ಅಪ್ಪ ಬಂದ. ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿಸಿಕೊಂಡು, ಆ ಬಟ್ಟೆಯನ್ನು ಕೆಳಗಿಡದೆ ಹಾಗೇ ಗೋಡೆಗೆ ಒರಗಿ ಕೂತ. ಈ ಹೊತ್ತಿನಲ್ಲಿ ಡಾಕ್ಟರು ಸಿಗುವುದಿಲ್ಲ, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗೋಣ ಎಂದ. ಡಾಕ್ಟರು ಹೋಲಿಸಿ ನೋಡುವುದಕ್ಕೆ ಕೇಳಿದರೆ ಇರಲಿ ಎಂದು ನಾನು ಬಲಗಾಲಿನದೂ ಒಂದು ಫೋಟೋ ತೆಗೆದೆ. ದೊಡ್ಡದು ಮಾಡಿದೆ.

ಅದರಲ್ಲೂ ಇತ್ತು. ಬೂದು ಬಣ್ಣ, ಮೂರು ಮಿಲಿಮೀಟರ್, ಕಲಸಿದ ಅಂಚು.

ಎರಡೂ ಕಾಲಿಗೆ ಬಂದಿದೆ ಎಂದು ನಾನು ಹೇಳಿದ್ದು ಪಿಸುಮಾತಿನಲ್ಲಿ. ಅಪ್ಪ ಕಣ್ಣು ಮುಚ್ಚಿಕೊಂಡ. ಆಗ ನನಗೆ ಏನು ತೋಚಿತೋ, ನನ್ನ ಅಂಗಾಲಿನ ಫೋಟೋ ತೆಗೆದೆ. ಅಲ್ಲೂ ಇತ್ತು. ಒಂದು ನಿಮಿಷ, ನಿಜವಾಗಿ ಒಂದು ನಿಮಿಷ, ಇದು ಅಂಟುವ ರೋಗ, ಒಂದೇ ಬಚ್ಚಲಲ್ಲಿ ಕಾಲು ತೊಳೆದದ್ದಕ್ಕೆ ಬಂದಿದೆ ಎಂದು ನಂಬಿದೆ. ಅಪ್ಪ ತನ್ನ ಕಾಲನ್ನೂ ಮುಂದೆ ಚಾಚಿದ. ಗ್ರೀಸು ಮೆತ್ತಿದ ಹಿಮ್ಮಡಿ. ಅಲ್ಲೂ, ಅದೇ ಜಾಗದಲ್ಲಿ.

ಅವ್ವ ಪರದೆಯನ್ನು ನೋಡಿದಳು, ಅಪ್ಪನ ಕಾಲು ನೋಡಿದಳು, ನನ್ನನ್ನು ನೋಡಿದಳು.

"ಗ್ವಾಡೇದೂ ಒಂದ್ ತಗಿ," ಎಂದಳು. "ಅದ್ಕೂ ಬಂದದಾ ನೋಡವ."

ಸುಣ್ಣದ ಗೋಡೆಯ ಫೋಟೋ ತೆಗೆದೆ. ಗೋಡೆಗೂ ಬಂದಿತ್ತು.

ನನಗೆ ನಗು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಇಲ್ಲದ್ದು ಈಗ ಕ್ಯಾಮೆರಾದೊಳಗೆ ಹೇಗೆ ಬಂತು? ಡೈರಿ ತಂದು ಒಂದೊಂದೇ ದಿನ ಹಿಂದಕ್ಕೆ ತಿರುವಿದೆ. ಅಕ್ಟೋಬರ್ 1, ಆಯುಧಪೂಜೆ. ನನ್ನ ಅಕ್ಷರದಲ್ಲೇ ಇತ್ತು: 'ಸ್ಪ್ಯಾನರ್, ಸೈಕಲ್, ಈಳಿಗೆಮಣೆ, ಮಿಕ್ಸಿ, ಕ್ಯಾಮೆರಾ. ಕ್ಯಾಮೆರಾಗೆ ಒಣ ವಿಭೂತಿ, ಮೂರು ಪಟ್ಟೆ.'

ಅವತ್ತು ಅಪ್ಪ ಪ್ರತಿಯೊಂದಕ್ಕೂ ನೀರಿನಲ್ಲಿ ಕಲಸಿದ ವಿಭೂತಿ ಹಚ್ಚಿ, ಕ್ಯಾಮೆರಾ ಬಂದಾಗ ಕೈ ನಿಲ್ಲಿಸಿದ್ದ. ಆನ್ ಮಾಡು, ಕಣ್ಣು ಮುಚ್ಚಿಕೊಂಡಿರುವುದಕ್ಕೆ ಪೂಜೆ ಮಾಡಬಾರದು ಎಂದ. ನಾನು ಆನ್ ಮಾಡಿದೆ, ಲೆನ್ಸಿನ ಕೊಳವೆ ಮುಂದೆ ಬಂತು. ನೀರು ಸೋಕಿದರೆ ಕೆಡುತ್ತದೆಂದು ವಿಭೂತಿ ಗಟ್ಟಿಯನ್ನು ಪುಡಿ ಮಾಡಿ, ಗಾಜಿಗೆ ತಾಗದಂತೆ, ಕೊಳವೆಯ ಮೇಲೆ ಮೂರು ಬೆರಳಲ್ಲಿ ಎಳೆದ. ಮಂಗಳಾರತಿ ಆದ ಮೇಲೆ ನಾನು ಆಫ್ ಮಾಡಿದೆ. ಕೊಳವೆ ಒಳಗೆ ಹೋಯಿತು, ಅದರ ಜೊತೆಗೆ ವಿಭೂತಿಯ ಪುಡಿಯೂ. ಅದರ ಒಂದು ಕಣವೇ ಪ್ರತಿ ಫೋಟೋದಲ್ಲೂ ಚುಕ್ಕೆಯಾಗಿ ಬೀಳುತ್ತಿತ್ತು. ಇಬ್ಬರೂ ಅಷ್ಟು ಜೋಪಾನ ಮಾಡುವ ಬದಲು ನೀರಿನಲ್ಲಿ ಕಲಸಿ ಹಚ್ಚಿದ್ದರೆ ಪಟ್ಟೆ ಅಂಟಿಕೊಂಡು ಅಲ್ಲೇ ಇರುತ್ತಿತ್ತೇನೋ.

ಅಪ್ಪನಿಗೆ ಓದಿ ಹೇಳಿದೆ. ಅವನು ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು, ಪಂಪಿನ ಬೇರಿಂಗ್ ಕೇಳುವ ಹಾಗೆ ಅಲುಗಿಸಿ ಕೇಳಿದ. "ಬಿಚ್ಲಾ?" ಎಂದ. ಬೇಡ ಎಂದು ಕಸಿದುಕೊಂಡೆ.

ಇನ್ನು ಮೈಸೂರಿಗೆ ಹೋಗುವುದು ಬೇಡವಲ್ಲ ಎಂದು ನಾನೇ ಅಂದೆ. ಅವ್ವ ಒಪ್ಪಲಿಲ್ಲ. "ಇಷ್ಟೊಂದ್ ಎದ್ರುಕೊಂಡಿದ್ದು ದಂಡ ಆಗ್ಬಾರ್ದು. ನಾಳೀಕೆ ರಜ ಏಳ್ ಕಳುಸ್ತೀನಿ, ಓಗ್ ತೋರುಸ್ಕೊಂಡೇ ಬರವ," ಎಂದಳು.

ಅಕ್ಟೋಬರ್ 11ರಂದು ಡಾಕ್ಟರು ನನ್ನ ಎರಡು ಫೋಟೋ ನೋಡಿದರು. ಬೂದು ಚುಕ್ಕೆಯ ಮೇಲೆ ಬೆರಳಿಟ್ಟು ಇದೇನು ಎಂದರು. ವಿಭೂತಿ ಎಂದೆ. ಅವರು ನಗಲಿಲ್ಲ, ಅವ್ವನ ಕಾಲು ತಮ್ಮ ಗಾಜಿನ ಹತ್ತಿರಕ್ಕೆ ಎಳೆದುಕೊಂಡರು. ಹಳೆಯ ಮಚ್ಚೆಯನ್ನು ಜುಲೈಗಿಂತ ಹೆಚ್ಚು ಹೊತ್ತು ನೋಡಿದರು. ಅಳತೆ ಬದಲಾಗಿಲ್ಲ, ಆದರೆ ಕಂದು ಕಡೆಯ ಅಂಚು ತಮಗೆ ಅಷ್ಟು ಹಿಡಿಸುತ್ತಿಲ್ಲ, ಇನ್ನು ಕಾಯುವುದು ಬೇಡ, ಕುಯ್ದು ಪರೀಕ್ಷೆಗೆ ಕಳಿಸೋಣ ಎಂದರು. ನನ್ನ ಫೋಟೋದಲ್ಲಿ ಆ ಅಂಚು ಇತ್ತು. ನಾನು ಪಕ್ಕದ್ದನ್ನು ನೋಡುತ್ತಿದ್ದೆ.

ಅಕ್ಟೋಬರ್ 14ಕ್ಕೆ ತೆಗೆದರು. ಮೂರು ಹೊಲಿಗೆ. ಸಣ್ಣ ಶೀಶೆಯಲ್ಲಿ ಅದು ಕೊತ್ತಂಬರಿ ಕಾಳಿನಷ್ಟಿತ್ತು. ಫಲಿತಾಂಶಕ್ಕೆ ಹದಿನಾರು ದಿನ. ಆ ಹದಿನಾರು ದಿನಗಳ ಪುಟದಲ್ಲಿ ತಾರೀಖು ಬಿಟ್ಟರೆ ಏನೂ ಇಲ್ಲ. ಅಪ್ಪ ಅಷ್ಟೂ ದಿನ ಕ್ಯಾಮೆರಾ ಇದ್ದ ಗೂಡಿನ ಕಡೆ ತಿರುಗಿ ನೋಡಲಿಲ್ಲ.

ಅಕ್ಟೋಬರ್ 30, ಸೋಮವಾರ, ಹನ್ನೊಂದು ಗಂಟೆ ಐದು ನಿಮಿಷ. ಡಾಕ್ಟರು ಕಾಗದ ಓದಿ, "ಕೆಟ್ಟದ್ದಲ್ಲ" ಎಂದರು. ಅವ್ವ ಎರಡು ಕಾಲನ್ನೂ ನೆಲಕ್ಕೆ ಊರಿ ನಿಂತಳು. ನಾವು ಹೊರಡುವಾಗ ಅವರು ಮತ್ತೊಂದು ಮಾತು ಸೇರಿಸಿದರು: ಆ ಜಾಗವನ್ನು ಮಾತ್ರ ನೋಡ್ತಾ ಇರಿ. ನಾನು ಅದನ್ನು ಬರೆದುಕೊಂಡೆ. ಎಲ್ಲಿಯವರೆಗೆ ಎಂದು ಕೇಳಲಿಲ್ಲ. ಗಂಟೆ ನಿಮಿಷ ಬರೆದುಕೊಳ್ಳುವ ನಾನು ಅದೊಂದನ್ನು ಕೇಳಲಿಲ್ಲ.

ಪ್ರತಿ ತಿಂಗಳು 10ಕ್ಕೆ ಹೊಸಿಲ ಮೇಲೆ, ಹನ್ನೆರಡು ಸೆಂಟಿಮೀಟರ್ ದಾರ ಹಿಡಿದು, ತೆಗೆಯುತ್ತಾ ಬಂದೆ. ಎಲ್ಲದರಲ್ಲೂ ಆ ಬೂದು ಚುಕ್ಕೆಯಿದೆ. ಅದರ ಕೆಳಗೆ 'ವಿ' ಎಂದು ಬರೆದಿಡುತ್ತೇನೆ, ಇನ್ನೊಮ್ಮೆ ಹೆದರಬಾರದೆಂದು. ಆದರೂ ಪ್ರತಿ ಸಲ ದೊಡ್ಡದು ಮಾಡುವಾಗ ಒಂದೇ ಅನುಮಾನ: ವಿಭೂತಿಯ ಮರೆಯಲ್ಲೇ ನಿಜವಾದದ್ದು ಬಂದಿದ್ದರೆ? ಅದಕ್ಕೇ ಕ್ಯಾಮೆರಾವನ್ನು ತಲೆಕೆಳಗು ಹಿಡಿದು ಇನ್ನೊಂದು ತೆಗೆಯುತ್ತೇನೆ. ಆಗ ಚುಕ್ಕೆ ಬೇರೆ ಜಾಗಕ್ಕೆ ಹೋಗುತ್ತದೆ, ಮೊದಲಿನ ಜಾಗ ಬರಿದಾಗಿ ಕಾಣುತ್ತದೆ. "ಇನ್ನೂ ಏಸ್ ವರ್ಸ ನನ್ ಕಾಲ್ ಇಡ್ಕಂಡ್ ಕೂತಿರ್ತೀಯವ್ವ?" ಎಂದು ಅವ್ವ ಕೇಳುತ್ತಾಳೆ. ಆ ಡಾಕ್ಟರು ಊರು ಬಿಟ್ಟು ಹೋಗಿದ್ದಾರೆ. ಬೇರೆಯವರನ್ನು ಕೇಳಿದರೆ ಒಬ್ಬರು ಸಾಕು ಎನ್ನುತ್ತಾರೆ, ಇನ್ನೊಬ್ಬರು ಇರಲಿ ಎನ್ನುತ್ತಾರೆ.

2009ರ ಡಿಸೆಂಬರ್ 10ರಂದು ನಲವತ್ತನೇ ತಿಂಗಳ ಫೋಟೋ ತೆಗೆದ ಮೇಲೆ ಲೆನ್ಸಿನ ಕೊಳವೆ ಅರ್ಧಕ್ಕೆ ನಿಂತಿತು. ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ಮತ್ತೆ ರಟ್ಟಿನ ಮೇಲೆ ಚುಕ್ಕೆ ಬರೆದುಕೊಂಡು ಅಂಗಡಿ ಸುತ್ತಬೇಕೋ, ನಿಲ್ಲಿಸಬೇಕೋ ತಿಳಿಯದೆ ಕೂತಿದ್ದೇನೆ. ನಿಲ್ಲಿಸುವುದಕ್ಕೇ ಈಗ ಹೆಚ್ಚು ಭಯ.

ಇದನ್ನು ಓದುವವರಲ್ಲಿ ಯಾರಾದರೂ ತಮ್ಮವರ ಅಂಗಾಲಿನ ಇಂಥ ಮಚ್ಚೆ ತೆಗೆಸಿ, ಆ ಜಾಗವನ್ನು ವರ್ಷಗಟ್ಟಲೆ ನೋಡುತ್ತಾ ಬಂದಿದ್ದರೆ, ಯಾವ ದಿನ ನೋಡುವುದನ್ನು ನಿಲ್ಲಿಸಿದಿರಿ, ಯಾರು ಸಾಕು ಎಂದರು, ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ತಾರೀಖು ಹಾಕಿ ಬರೆದರೆ ಇನ್ನೂ ಒಳ್ಳೆಯದು.